ಹತ್ತು ನಿಮಿಷಕ್ಕೊಮ್ಮೆ ಆರು ಬಡಿತ

ಗುಳೇದಗುಡ್ಡದ ಶಿವಸಂಗಪ್ಪನಿಗೆ ಎಣಿಸುವ ಚಟ. ಬಸ್ಸಿಗೆ ಕಾಯುತ್ತ ನಿಂತರೆ ಎದುರಿನ ಅಂಗಡಿಯ ಪತ್ರಾಸಿನ ಚಾವಣಿಯ ಏಣುಗಳನ್ನು ಎಣಿಸುತ್ತಿದ್ದ. ಬೀಗರ ಮನೆಗೆ ಊಟಕ್ಕೆ ಹೋದರೆ ಕೂರಲು ಹಾಸಿದ ಜಮಖಾನೆಯ ಪಟ್ಟಿ ಎಣಿಸಿ, ಎಲ್ಲಿ ಒಂದು ಎಳೆ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿಯೇ ಏಳುತ್ತಿದ್ದ. ಬೀಗರಿಗೆ ಇದು ಹೇಗೆ ಅನ್ನಿಸುತ್ತಿತ್ತೋ ಅವನಿಗೆ ತಿಳಿಯದು, ತಿಳಿದುಕೊಳ್ಳುವ ಗೋಜಿಗೂ ಅವನು ಹೋದವನಲ್ಲ. ಹೆಂಡತಿ ಚಂದ್ರವ್ವನಿಗೆ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಅಂಥ ಊಟಗಳಲ್ಲಿ ಆಕೆ ಬಡಿಸುವವರಿಗೆ ಕಣ್ಸನ್ನೆ ಮಾಡಿ, ಗಂಡನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ ಬಾಯಿ ಮುಚ್ಚಿಸುತ್ತಿದ್ದಳು.

ಆದರೆ ಆ ಚಟವೇ ಮನೆಗೆ ಅನ್ನ ತಂದದ್ದು. ಅಪ್ಪ ಕುಣಿಮಗ್ಗದಲ್ಲಿ ಕೂತು ಕುಪ್ಪಸದ ಖಣ ನೇಯ್ದವನು. ಮಗ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಮಗ್ಗ ಬಿಟ್ಟು ಖಣದ ಡಿಸೈನು ಬರೆಯಲು ಕೂತ. ಸಣ್ಣ ಚೌಕಗಳ ಗ್ರಾಫ್ ಹಾಳೆ, ಒಂದು ಚೌಕಕ್ಕೆ ಒಂದು ಎಳೆ. ಯಾವ ಎಳೆ ಮೇಲೇಳಬೇಕೋ ಆ ಚೌಕಕ್ಕೆ ಮಸಿ. ಆ ಹಾಳೆ ಎರಡು ಓಣಿ ದಾಟಿ ಫಕ್ರುಸಾಬನ ಮನೆಗೆ ಹೋಗುತ್ತಿತ್ತು. ಮಸಿ ಬಿದ್ದ ಚೌಕಗಳನ್ನು ನೋಡಿಕೊಂಡು ಫಕ್ರುಸಾಬ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ಕಾರ್ಡುಗಳನ್ನು ದಾರದಿಂದ ಸರವಾಗಿ ಪೋಣಿಸಿ ಕೊಡುತ್ತಿದ್ದ. ಮಗ್ಗದ ಮೇಲೆ ಆ ಸರ ತಿರುಗಿದರೆ ಕೆಳಗೆ ಬಟ್ಟೆಯಲ್ಲಿ ಹೂವು ಮೂಡುತ್ತಿತ್ತು. ಒಬ್ಬನ ಮಸಿ, ಇನ್ನೊಬ್ಬನ ತೂತು, ಹೀಗೆ ಮೂವತ್ತು ವರ್ಷ ನಡೆಯಿತು. ಹಳೆಯ ಡಿಸೈನುಗಳ ಸರಗಳನ್ನು ಇಲಿ ಕಡಿಯುತ್ತವೆಂದು ಶಿವಸಂಗಪ್ಪ ಅವನ್ನೆಲ್ಲ ಫಕ್ರುಸಾಬನ ಮನೆಯ ಎತ್ತರದ ಜಂತಿಗೆ ತೂಗುಹಾಕಿಸಿದ್ದ.

ಈ ಎರಡು ಮನೆಗಳ ನಡುವೆ ಒಂದು ಪದ್ಧತಿ ಇತ್ತು. ಹೊಸ ಡಿಸೈನು ಮಗ್ಗ ಹತ್ತಿದಾಗ ಇಳಿಯುವ ಮೊದಲ ಖಣ ಫಕ್ರುಸಾಬನ ಹೆಂಡತಿ ಗುಲಾಬಬಿಗೆ. ಆಕೆ ಅದನ್ನು ಹೊಲಿಸಿ ತೊಟ್ಟು ಬಂದು ಚಂದ್ರವ್ವನಿಗೆ ತೋರಿಸಿದ ಮೇಲೆಯೇ ಉಳಿದದ್ದು ಪೇಟೆಗೆ. ಯಾರು ಹಾಕಿಕೊಟ್ಟ ಪದ್ಧತಿಯೋ ಇಬ್ಬರಿಗೂ ನೆನಪಿರಲಿಲ್ಲ, ಮುರಿಯುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ.

ಶಿವಸಂಗಪ್ಪನಿಗೆ ಇನ್ನೊಂದು ರೋಗವೂ ಇತ್ತು, ಅದು ಸಂಶಯ. ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. ತೊಂಬತ್ತೆಂಟರಲ್ಲಿ ಅವನು ಹುಣಸೆ ಹೂವಿನದೊಂದು ಡಿಸೈನು ಬರೆದಿದ್ದ. ಅದು ಪೇಟೆಗೆ ಬಂದ ತಿಂಗಳಿಗೆ ಕುಳಗೇರಿ ಕ್ರಾಸಿನ ಅರಿವೆ ಅಂಗಡಿಯೊಂದರಲ್ಲಿ ಅದೇ ಹೂವು ಬೇರೆ ಯಾರದೋ ಬಟ್ಟೆಯ ಮೇಲೆ ಕಂಡಿತು. ಅಲ್ಲೇ ನಿಂತು ಎಣಿಸಿದ. ಅವಸರದಲ್ಲಿ ತಾನೇ ಒಂದು ಎಸಳಿಗೆ ಒಂದು ಎಳೆ ಕಡಿಮೆ ಬರೆದಿದ್ದನಲ್ಲ, ಆ ತಪ್ಪು ಕೂಡ ಇದ್ದ ಹಾಗೆಯೇ ಬಂದಿತ್ತು. ಕದ್ದವರಿಗೆ ತಿದ್ದುವ ಪುರಸೊತ್ತೂ ಇರಲಿಲ್ಲವೆಂದು ಅವನಿಗೆ ಹೊಟ್ಟೆ ಉರಿಯಿತು. ಯಾರೋ ಒಂದು ಖಣ ಕೊಂಡು ಎಳೆ ಎಣಿಸಿರಬೇಕು, ಎಣಿಸಲು ನಿನಗೊಬ್ಬನಿಗೇ ಬರುತ್ತದೆಯೇ ಎಂದು ಫಕ್ರುಸಾಬ ಸಮಾಧಾನ ಹೇಳಿದ. ಶಿವಸಂಗಪ್ಪ ಒಪ್ಪಲಿಲ್ಲ. ಅಂದಿನಿಂದ ಬಾಗಿಲು ಹಾಕಿಕೊಂಡು ಬರೆಯತೊಡಗಿದ.

ಅಂಥವನ ಮನೆಗೆ ಎರಡು ಸಾವಿರದ ಆರರಲ್ಲಿ ಕಂಪ್ಯೂಟರು ಬಂತು. ತಂದುಕೊಟ್ಟವಳು ಫಕ್ರುಸಾಬನ ಮಗಳು ಜುಲೇಖಾ. ಆಕೆ ದಿನಾ ಮುಂಜಾನೆಯ ಬಸ್ಸಿಗೆ ಬಾಗಲಕೋಟೆಗೆ ಹೋಗಿ ಅಲ್ಲಿಯ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡಿ ಸಂಜೆಯ ಬಸ್ಸಿಗೆ ಬರುವವಳು. ತೆರೆಯ ಮೇಲೆ ಚೌಕ ಅಳಿಸಿದರೆ ಹಾಳೆ ಹರಿಯುವುದಿಲ್ಲ ಎನ್ನುವುದೊಂದೇ ಸಾಕಾಯಿತು ಅವನಿಗೆ. ಎರಡು ತಿಂಗಳಲ್ಲಿ ಮೌಸು ಹಿಡಿದು ಬರೆಯಲು ಕಲಿತ. ಮರುವರ್ಷ ಟೆಲಿಫೋನಿನ ತಂತಿಯಲ್ಲೇ ಇಂಟರ್ನೆಟ್ಟೂ ಬಂತು. ತಂತಿ ಒಂದು ಕರಿ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಇನ್ನೊಂದು ತಂತಿ ಕಂಪ್ಯೂಟರಿಗೆ. ರೂಟರು ಎನ್ನುವ ಆ ಪೆಟ್ಟಿಗೆಯ ಮೈಮೇಲೆ ನಾಲ್ಕು ಹಸಿರು ದೀಪ. ನಾಲ್ಕೇ ಎಂದು ಅವನು ಮೊದಲ ದಿನವೇ ಎಣಿಸಿಟ್ಟಿದ್ದ.

ಆ ವರ್ಷ ಅವನು ಬರೆದದ್ದು ಜೋಳದ ತೆನೆಯ ಮೇಲೆ ಕೂತ ಗಿಳಿ. ಮೂವತ್ತು ವರ್ಷದಲ್ಲಿ ಇಷ್ಟು ಚೆಂದದ್ದು ತನ್ನ ಕೈಯಿಂದ ಬಂದಿರಲಿಲ್ಲ ಎಂದು ಅವನಿಗೇ ಗೊತ್ತಿತ್ತು. ಫಕ್ರುಸಾಬ ಕಾರ್ಡು ಹೊಡೆದುಕೊಟ್ಟ, ಮಗ್ಗದಿಂದ ಮೊದಲ ಖಣ ಇಳಿಯಿತು. ಪುಣೆಯ ಒಬ್ಬ ವ್ಯಾಪಾರಿ ದಸರೆಗೆ ಹೊಸದೇನಾದರೂ ಇದ್ದರೆ ಶನಿವಾರದೊಳಗೆ ಇಮೇಲಿನಲ್ಲಿ ಕಳಿಸಿ, ಆಮೇಲೆ ಬಂದದ್ದನ್ನು ನೋಡುವುದಿಲ್ಲ ಎಂದು ಫೋನು ಮಾಡಿದ. ಕಳಿಸುವುದೆಂದರೆ ಶಿವಸಂಗಪ್ಪನಿಗೆ ಜೀವ ಹೊಡೆದುಕೊಂಡಿತು. ಬಾಗಿಲಿಗೆ ಅಗಳಿ ಇರುವಂತೆ ಈ ಕಂಪ್ಯೂಟರಿಗೂ ಏನಾದರೂ ಹಾಕಿಕೊಡು ಎಂದು ಜುಲೇಖಾಳನ್ನು ಅವನೇ ಕೇಳಿದ. ಐತವಾರ ಆಕೆ ಒಂದು ಸಿಡಿ ತಂದು ಫೈರ್‌ವಾಲ್ ಹಾಕಿ, ಹೊರಗಿನಿಂದ ಯಾರೇ ಒಳಗೆ ಬರಲು ನೋಡಿದರೂ ಇದು ನಿಮ್ಮನ್ನು ಕೇಳಿಯೇ ಬಿಡುತ್ತದೆ ಎಂದು ಹೇಳಿ ಹೋದಳು.

ಸೋಮವಾರ ಮುಂಜಾನೆ ಅದು ಕೇಳಿತು.

ತೆರೆಯ ಮೂಲೆಯಲ್ಲಿ ಒಂದು ಹಳದಿ ಚೌಕ ಎದ್ದು ನಿಂತಿತು. ಏಳನೆಯ ಇಯತ್ತೆಯ ಇಂಗ್ಲಿಷು, ಜೊತೆಗೊಂದು ಹಳೆಯ ಡಿಕ್ಷನರಿ ಹಿಡಿದು ಅರ್ಧ ತಾಸಿನಲ್ಲಿ ಅರ್ಥ ಬಿಡಿಸಿದ: 192.168.1.1 ಎಂಬ ವಿಳಾಸದಿಂದ ಯಾರೋ ನಿಮ್ಮ ಕಂಪ್ಯೂಟರಿಗೆ ಬರಲು ನೋಡುತ್ತಿದ್ದಾರೆ, ಬಿಡಬೇಕೋ, ತಡೆಯಬೇಕೋ? ಕೆಳಗೆ ಎರಡು ಗುಂಡಿ, ಅಲೌ ಮತ್ತು ಬ್ಲಾಕ್. ಅವುಗಳ ಕೆಳಗೆ, ಇದನ್ನೇ ಯಾವಾಗಲೂ ನೆನಪಿಡಲೇ ಎಂದು ಕೇಳುವ ಸಣ್ಣ ಖಾನೆ. ಡಿಕ್ಷನರಿ ಮುಚ್ಚಿಡುವುದರೊಳಗೆ ಅಂಥವೇ ಇನ್ನೂ ಎಷ್ಟೋ ಎದ್ದಿದ್ದವು. ಗಿಳಿಯ ಡಿಸೈನು ಅದೇ ಕಂಪ್ಯೂಟರಿನಲ್ಲಿತ್ತು. ಖಾನೆಗೆ ಗುರುತು ಹಾಕಿ ಬ್ಲಾಕ್ ಒತ್ತಿದ. ಹಳದಿ ಚೌಕಗಳು ಮಾಯವಾದವು, ಜೊತೆಗೆ ಇಂಟರ್ನೆಟ್ಟೂ ಮಾಯವಾಯಿತು. ಯಾವ ಪುಟವೂ ತೆರೆಯಲಿಲ್ಲ, ಇಮೇಲೂ ಹೋಗಲಿಲ್ಲ.

ತಂತಿ ಕೆಟ್ಟಿರಬೇಕೆಂದು ಮಂಗಳವಾರ ಮಧ್ಯಾಹ್ನದವರೆಗೆ ಕಾದ. ಕೊನೆಗೆ, ಬ್ಲಾಕ್ ಮಾಡಿದ್ದನ್ನು ತೆಗೆಯುವ ಜಾಗವನ್ನು ಜುಲೇಖಾ ತೋರಿಸಿದ್ದು ನೆನಪಾಗಿ ಆ ಸಾಲನ್ನು ಅಳಿಸಿದ. ಇಂಟರ್ನೆಟ್ಟು ಬಂತು, ಹಳದಿ ಚೌಕಗಳೂ ಬಂದವು. ಬಾಗಿಲು ಹಾಕಿದರೆ ಡಿಸೈನು ಹೊರಗೆ ಹೋಗದು, ತೆಗೆದರೆ ಯಾರೋ ಒಳಗೆ ಬರುತ್ತಾರೆ. ಒಳ್ಳೆ ಫಜೀತಿಯಾಯಿತು.

ಆಗ ಅವನ ತಲೆಗೆ ಆ ಕೆಟ್ಟ ಯೋಚನೆ ಹೊಕ್ಕಿತು. ಈ ಕಾಟ ಶುರುವಾದದ್ದು ಯಾವಾಗ? ಐತವಾರ ಜುಲೇಖಾ ಬಂದು ಹೋದ ಮೇಲೆ. ಪೆಟ್ಟಿಗೆ ಜೋಡಿಸಿದವಳು ಯಾರು, ಪಾಸ್‌ವರ್ಡ್ ಗೊತ್ತಿರುವುದು ಯಾರಿಗೆ? ಜುಲೇಖಾಳಿಗೆ. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳೂ ಅವಳೇ. ತೊಡೆಯ ಮೇಲೆ ಆಡಿಸಿದ ಹುಡುಗಿಯ ಬಗ್ಗೆ ಹೀಗೆ ಯೋಚಿಸಲು ಅವನಿಗೆ ಸಂಕಟವಾಯಿತು. ಆದರೂ ಯೋಚಿಸಿದ. ಆ ವಾರ ಫಕ್ರುಸಾಬನ ಮನೆಗೆ ಚಹಾಕ್ಕೆ ಹೋಗಲಿಲ್ಲ. ಮೊದಲ ಖಣವನ್ನು ಪೇಪರಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ.

ಚಂದ್ರವ್ವ ಬುಧವಾರ ಟ್ರಂಕು ತೆಗೆದಾಗ ಅದು ಕಣ್ಣಿಗೆ ಬಿತ್ತು.

"ಈ ಖಣ ಇಲ್ಲ್ಯಾಕ ಕುಂತೈತಿ? ಗುಲಾಬಬಿಗೆ ಕೊಟ್ಟ ಬಂದಿಲ್ಲೇನು?"

"ಒಂದೀಟ ತಡಿ."

"ಮೂವತ್ತ ವರ್ಷದಾಗ ಒಮ್ಮಿನೂ ತಡದಿಲ್ಲ ನೀವು. ಈಗ ಏನಾಗೇತಿ?"

ಅವನು ಹೇಳಲಿಲ್ಲ. ಹೇಳಿದ್ದರೆ ಆಕೆ ಏನನ್ನುತ್ತಿದ್ದಳೆಂದು ಚೆನ್ನಾಗಿ ಗೊತ್ತಿದ್ದುದರಿಂದಲೇ ಹೇಳಲಿಲ್ಲ. ಬದಲಿಗೆ ಒಂದು ಗ್ರಾಫ್ ಹಾಳೆ ತೆಗೆದುಕೊಂಡು ಕಂಪ್ಯೂಟರಿನ ಮುಂದೆ ಕೂತ.

ನೇಕಾರನಿಗೆ ಬಟ್ಟೆಯಲ್ಲಿ ತಪ್ಪು ಕಂಡರೆ ಮೊದಲು ನೋಡುವುದು ಅದು ಎಷ್ಟು ಎಳೆಗೊಮ್ಮೆ ಬರುತ್ತದೆ ಎಂದು. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ತಪ್ಪು ಕಾರ್ಡಿನದು, ಎಲ್ಲೆಂದರಲ್ಲಿ ಬಂದರೆ ಕೈಯದು. ಶಿವಸಂಗಪ್ಪ ನಿಮಿಷಕ್ಕೊಂದು ಚೌಕದಂತೆ ಹಾಳೆ ತುಂಬತೊಡಗಿದ. ಹಳದಿ ಚೌಕ ಎದ್ದ, ಅಂದರೆ ಯಾರೋ ಬಾಗಿಲು ಬಡಿದ ನಿಮಿಷಕ್ಕೆ ಕರಿ ಮಸಿ, ಪಕ್ಕದಲ್ಲಿ ಎಷ್ಟು ಬಡಿತವೆಂಬ ಅಂಕಿ. ಜುಲೇಖಾ ಅಂಗಡಿಯಲ್ಲಿ ಕೂತಿರುವ ಹೊತ್ತಿನ ಸುತ್ತ ಕೆಂಪು ಗೆರೆ. ಹಠಕ್ಕೆ ಬಿದ್ದರೆ ಅವನು ಅರ್ಧಕ್ಕೆ ಬಿಡುವವನಲ್ಲ. ಬುಧವಾರ, ಗುರುವಾರ ಊಟವನ್ನೂ ಅಲ್ಲೇ ತರಿಸಿಕೊಂಡ. ಗಂಡ ಇನ್ನೊಂದು ಡಿಸೈನು ಹಿಡಿದಿದ್ದಾನೆಂದು ಚಂದ್ರವ್ವ ಸುಮ್ಮನಿದ್ದಳು.

ಗುರುವಾರ ಸಂಜೆ ಹಾಳೆಯನ್ನು ದೂರ ಹಿಡಿದು ನೋಡಿದ. ಹತ್ತು ಚೌಕಕ್ಕೊಂದು ಕರಿ ಚುಕ್ಕೆ, ಚುಕ್ಕೆ ಬಿದ್ದಲ್ಲೆಲ್ಲ ಆರು ಬಡಿತ. ಐದಲ್ಲ, ಏಳಲ್ಲ, ಆರೇ. ಕೆಂಪು ಗೆರೆಯ ಒಳಗೂ ಹಾಗೆಯೇ, ಹೊರಗೂ ಹಾಗೆಯೇ. ಜುಲೇಖಾ ಬಸ್ಸಿನಲ್ಲಿದ್ದಾಗಲೂ ಅದೇ ಲಯ. ಕಳ್ಳನಾದರೆ ಒಮ್ಮೆಯಾದರೂ ಆಕಳಿಸುತ್ತಾನೆ, ನೀರು ಕುಡಿಯಲು ಏಳುತ್ತಾನೆ. ಇದು ಮನುಷ್ಯನ ಕೈ ಅಲ್ಲ, ಯಾವುದೋ ಕಾರ್ಡು ತಿರುಗುತ್ತಿದೆ ಎಂದು ಅವನಿಗೆ ಖಾತ್ರಿಯಾಯಿತು.

ಆದರೆ ಆ ಕಾರ್ಡು ಇರುವುದೆಲ್ಲಿ? ಶುಕ್ರವಾರ ಮಧ್ಯಾಹ್ನ ಹೊರಗಿನ ಟೆಲಿಫೋನ್ ತಂತಿಯನ್ನು ಪೆಟ್ಟಿಗೆಯಿಂದ ಕಿತ್ತು ಪಕ್ಕಕ್ಕಿಟ್ಟ. ಒಂದು ದೀಪ ಆರಿತು. ಈಗ ಪೆಟ್ಟಿಗೆಗೂ ಊರಿಗೂ ಸಂಬಂಧವಿಲ್ಲ. ಗಡಿಯಾರ ನೋಡುತ್ತ ಕೂತ. ಹತ್ತನೆಯ ನಿಮಿಷಕ್ಕೆ ಸರಿಯಾಗಿ ಹಳದಿ ಚೌಕಗಳು ಎದ್ದವು, ಆರು.

ಹೊರಗಿನಿಂದ ಯಾರೂ ಬರುತ್ತಿಲ್ಲ! ಒಂದು ಕ್ಷಣ ಅವನ ಮೈ ಹಗುರಾಯಿತು. ಮರುಕ್ಷಣವೇ ಮೊದಲಿಗಿಂತ ಭಾರವಾಯಿತು. ಹಾಗಾದರೆ ಬಡಿಯುತ್ತಿರುವುದು ಮನೆಯೊಳಗಿನ ಪೆಟ್ಟಿಗೆಯೇ. ಪೆಟ್ಟಿಗೆಯೊಳಗೆ ಏನೋ ಇದೆ. ಪೆಟ್ಟಿಗೆಯನ್ನು ಮುಟ್ಟಿದವರು ತನ್ನನ್ನು ಬಿಟ್ಟರೆ ಒಬ್ಬಳೇ.

ಸಂಜೆ ಏಳರ ಹೊತ್ತಿಗೆ, ಯಾರೂ ಕರೆಯದೆಯೇ, ಅವಳೇ ಬಂದಳು. ಬಸ್ಸಿಳಿದು ಮನೆಗೆ ಹೋಗಿ ಬಂದವಳ ಕೈಯಲ್ಲಿ ಗುಲಾಬಬಿ ಕಟ್ಟಿಕೊಟ್ಟ ಕರದಂಟಿನ ಪೊಟ್ಟಣವಿತ್ತು.

"ಅಬ್ಬಾ ಕಳಿಸ್ಯಾರ್ರಿ, ಕಾಕಾ. ಸಂಗಪ್ಪ ವಾರಾತು ಚಾಕ್ಕ ಬಂದಿಲ್ಲ, ಮೈಯಾಗ ಆರಾಮಿಲ್ಲೇನು ನೋಡ್ಕೊಂಡ ಬಾ ಅಂದ್ರು."

ಚಂದ್ರವ್ವ ಅವಳನ್ನು ಒಳಗೆ ಕರೆದಳು. ಶಿವಸಂಗಪ್ಪ ಹಾಳೆಯನ್ನು ಮಡಚುವುದರೊಳಗೆ ಜುಲೇಖಾ ಅದನ್ನು ಹೊಸ ಡಿಸೈನೆಂದುಕೊಂಡು ಕೈಗೆ ತೆಗೆದುಕೊಂಡಿದ್ದಳು. ಅಂಚಿನಲ್ಲಿ ವಾರ, ಗಂಟೆ ಬರೆದದ್ದು ನೋಡಿ ಏನೆಂದು ಕೇಳಿದಳು. ಅವನು ಬಡಿತದ ಕತೆ ಹೇಳಿದ, ಬ್ಲಾಕ್ ಮಾಡಿದ್ದು, ಇಂಟರ್ನೆಟ್ಟು ಹೋದದ್ದು, ತಂತಿ ಕಿತ್ತದ್ದು ಎಲ್ಲ. ಕೆಂಪು ಗೆರೆಯ ವಿಷಯ ಮಾತ್ರ ಬಿಟ್ಟ.

"ಈ ಕೆಂಪ ಗೆರಿ ಯಾವ್ವು, ಕಾಕಾ?"

ಸುಳ್ಳು ಹೇಳಬಹುದಿತ್ತು. ಸಂಶಯದ ಮನುಷ್ಯನಾದರೂ ಅವನು ಸುಳ್ಳಿನ ಮನುಷ್ಯನಲ್ಲ. "ನೀ ಅಂಗಡ್ಯಾಗ ಕುಂತಿರೂ ಹೊತ್ತವ್ವಾ," ಎಂದ. "ನೀನ ಏನರೆ ಮಾಡಾಕತ್ತೀ ಏನು ಅಂತ ನೋಡಿದ್ನಿ."

ಚಂದ್ರವ್ವನ ಕೈಯಲ್ಲಿದ್ದ ನೀರಿನ ಚರಿಗೆ ಅಲ್ಲೇ ನಿಂತಿತು. ಕೆಂಪು ಗೆರೆಯ ಮೇಲೆ ಜುಲೇಖಾಳ ಬೆರಳು ನಿಧಾನವಾಗಿ ಸರಿದು, ನಡುವೆ ಗೆರೆ ತಪ್ಪಿದ್ದ ಒಂದು ಕಡೆ ನಿಂತಿತು. ಶಿವಸಂಗಪ್ಪನಿಗೆ ನೆಲ ಬಾಯಿಬಿಟ್ಟರೆ ಇಳಿದುಬಿಡಬೇಕು ಅನ್ನಿಸಿತು.

"ನನ್ನ ಊಟದ ಅರ್ಧಾ ತಾಸೂ ಬಿಟ್ಟ ಬರದೀರಲ್ಲ," ಎಂದಳು ಕೊನೆಗೆ. "ಇರಲಿ. ನನ್ನ ಬಿಟ್ಟ ಬರದಿದ್ರ ಹಾಳಿ ಪೂರಾ ಆಗ್ತಿರಲಿಲ್ಲ. ಬರ್ರಿ, ಇನ್ನೊಂದ ಪರೀಕ್ಷೆ ಐತಿ. ಮೌಸ ನೀವ ಹಿಡೀರಿ, ನಾ ಮುಟ್ಟೂದಿಲ್ಲ."

ಅವಳು ಹೇಳಿಕೊಟ್ಟಳು, ಅವನು ಒತ್ತಿದ. 192.168.1.1 ಎನ್ನುವುದು ಯಾವ ಕಳ್ಳನ ಮನೆಯೂ ಅಲ್ಲ, ಈ ಕರಿ ಪೆಟ್ಟಿಗೆಯ ಹೆಸರೇ ಅದು. ನಾನಿಲ್ಲಿದ್ದೇನೆ, ನನ್ನಲ್ಲಿ ಇಂತಿಂಥದ್ದು ಇದೆ ಎಂದು ಅದು ಹೊತ್ತಿಗೊಮ್ಮೆ ಮನೆಯೊಳಗಿನ ಯಂತ್ರಗಳಿಗೆಲ್ಲ ಕೂಗಿ ಹೇಳುತ್ತದೆ. ಬಳೆಗಾರ ಓಣಿಯಲ್ಲಿ ಕೂಗುತ್ತ ಹೋಗುವಂತೆ, ಕೊಳ್ಳುವವರು ಇರಲಿ ಬಿಡಲಿ. ಈ ಕೂಗು ಪೆಟ್ಟಿಗೆ ಬಂದ ದಿನದಿಂದಲೂ ಇತ್ತು. ಐತವಾರದಿಂದ ಹೊಸದಾಗಿ ಬಂದದ್ದು ಕೂಗಲ್ಲ, ಅದನ್ನು ಕೇಳಿಸಿಕೊಂಡು ಹೇಳುವ ಫೈರ್‌ವಾಲ್. ಪೆಟ್ಟಿಗೆಯ ಪುಟದಲ್ಲಿ ಆ ಕೂಗನ್ನು ನಿಲ್ಲಿಸುವ ಒಂದು ಖಾನೆಯಿತ್ತು. ಶಿವಸಂಗಪ್ಪ ತನ್ನ ಕೈಯಿಂದಲೇ ಅದರ ಗುರುತು ತೆಗೆದ.

ಆಮೇಲೆ ಕಾಯಬೇಕಾಯಿತು. ಚಂದ್ರವ್ವ ಚಹಾ ಕಾಸಿ ತಂದಳು. ಗಂಡನ ಕಪ್ಪನ್ನು ಕುಕ್ಕಿ ಇಟ್ಟು, ಜುಲೇಖಾಳದನ್ನು ಕೈಗೇ ಕೊಟ್ಟಳು. ಮೂವರೂ ಗಡಿಯಾರ ನೋಡುತ್ತ ಕೂತರು. ಏಳು ನಿಮಿಷ, ಎಂಟು, ಒಂಬತ್ತು. ಹತ್ತಾಯಿತು. ತೆರೆ ಸುಮ್ಮನಿತ್ತು. ಹನ್ನೊಂದಾಯಿತು. ಹನ್ನೆರಡಕ್ಕೆ ಶಿವಸಂಗಪ್ಪ ಹಿಡಿದಿದ್ದ ಉಸಿರು ಬಿಟ್ಟ. ಐದು ದಿನದಿಂದ ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಕಣ್ಣು ತುಂಬಿ ಬಂತು, ಅವನು ಅದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ. ಯಾರೂ ಕದಿಯುತ್ತಿರಲಿಲ್ಲ. ಈ ಹುಡುಗಿ ಅವನು ತೊಡೆಯ ಮೇಲೆ ಆಡಿಸಿದ ಹುಡುಗಿಯೇ ಆಗಿದ್ದಳು.

ಜುಲೇಖಾ ಗುರುತನ್ನು ಮತ್ತೆ ಹಾಕಿಸಿ, ಪೆಟ್ಟಿಗೆ ಮೊದಲಿದ್ದಂತೆಯೇ ಇರಲಿ, ಫೈರ್‌ವಾಲಿಗೆ ಏನು ಹೇಳಬೇಕೆನ್ನುವುದನ್ನು ನೀವೇ ಹೇಳಿ ಎಂದಳು. ಕೂಗು ಬರುವ ಬಾಗಿಲು ಬೇರೆ, ಅದರ ನಂಬರು 1900. ನಾವು ಕೇಳಿದ್ದಕ್ಕೆ ಉತ್ತರ ಬರುವ ದಾರಿ ಬೇರೆ. ಸೋಮವಾರ ಅವನು ಪೆಟ್ಟಿಗೆಯನ್ನೇ ಪೂರ್ತಿ ತಡೆದದ್ದರಿಂದ ಉತ್ತರಗಳೂ ನಿಂತಿದ್ದವು. ಕೂಗನ್ನು ಬಿಟ್ಟರೂ ಈಗ ಕೇಡಿಲ್ಲ, ತಡೆದರೂ ನಷ್ಟವಿಲ್ಲ, ಕೇಳಿಸಿಕೊಳ್ಳುವ ಬೇರೆ ಯಂತ್ರ ಈ ಮನೆಯಲ್ಲಿ ಇಲ್ಲ.

ಶಿವಸಂಗಪ್ಪ ಗಿಳಿಯ ಕೊಕ್ಕು ಬರೆಯುವಾಗಿನಷ್ಟೇ ಯೋಚಿಸಿದ. "ಹಂಗಾರ ಹತ್ತೊಂಬತ್ತನೂರು ಬ್ಲಾಕ್ ಇರಲಿ," ಎಂದ. "ನಾವು ಕರದಿದ್ದು ಬರಲಿ. ಕರೀದ ಬಂದದ್ದು ಹೊರಗಿರಲಿ."

"ಕರೀದ ಬಂದಾಕಿ ಇಲ್ಲೇ ಕುಂತಾಳ," ಎಂದಳು ಚಂದ್ರವ್ವ. "ಆಕಿನ್ನೂ ಹೊರಗ ಹಾಕತೀರೇನು?"

ಜುಲೇಖಾ ನಕ್ಕುಬಿಟ್ಟಳು. ಅವಳು ನಕ್ಕ ಮೇಲೆ ಅವನಿಗೂ ನಗಲು ಧೈರ್ಯ ಬಂತು. ತಪ್ಪಾಯಿತವ್ವಾ ಎಂದ, ಒಮ್ಮೆಯಲ್ಲ, ಮೂರು ಸಲ. ಕಿತ್ತಿಟ್ಟ ತಂತಿಯನ್ನು ಪೆಟ್ಟಿಗೆಗೆ ಸಿಕ್ಕಿಸಿದಾಗ ನಾಲ್ಕೂ ದೀಪ ಹತ್ತಿದವು. ತೆನೆಯ ಮೇಲಿನ ಗಿಳಿ ಒಂದು ದಿನ ಮೊದಲೇ ಪುಣೆಗೆ ಹೋಯಿತು.

ಮರುದಿನ ಮುಂಜಾನೆ ಅವನು ಟ್ರಂಕಿನಿಂದ ಖಣ ತೆಗೆದುಕೊಂಡು ಫಕ್ರುಸಾಬನ ಮನೆಗೆ ನಡೆದ. ಜುಲೇಖಾ ಆಗಲೇ ಬಸ್ಸಿಗೆ ಹೋಗಿದ್ದಳು. ಮಗಳು ಏನೂ ಹೇಳಿಲ್ಲವೆನ್ನುವುದು ಫಕ್ರುಸಾಬ ಎದ್ದು ಬಂದು ಮೈ ಹೇಗಿದೆ ಎಂದು ಕೇಳಿದ್ದರಲ್ಲೇ ಗೊತ್ತಾಯಿತು. ಹೇಳದೆ ಬಿಟ್ಟರೂ ನಡೆಯುತ್ತಿತ್ತು. ಶಿವಸಂಗಪ್ಪ ಚಾಪೆಯ ಮೇಲೆ ಕೂತು, ಗುಲಾಬಬಿಯ ಎದುರಿಗೇ, ಕೆಂಪು ಗೆರೆಯ ತನಕ ಎಲ್ಲವನ್ನೂ ಹೇಳಿದ.

ಫಕ್ರುಸಾಬ ಪೂರ್ತಿ ಕೇಳಿದ. ಕೈಯಲ್ಲಿದ್ದ ಕಾರ್ಡನ್ನು ಕೆಳಗಿಟ್ಟು, ಗದ್ದವೆತ್ತಿ ಮೇಲೆ ತೋರಿಸಿದ. ಜಂತಿಯ ತುಂಬ ಸರಗಳು. ಹುಣಸೆ ಹೂವು, ಅದಕ್ಕೂ ಹಿಂದಿನವು, ಇನ್ನೂ ಪೇಟೆ ಕಾಣದ ಗಿಳಿಯ ಇನ್ನೊಂದು ಸರ.

"ನಿನ್ನ ಮೂವತ್ತ ವರ್ಷ ನಮ್ಮ ಜಂತಿಗೆ ತೂಗ್ಯಾಡಾಕತ್ತಾವ, ಸಂಗಪ್ಪ. ಕದಿಯಾಕ ನಮಗ ವಯರ್ ಯಾಕ ಬೇಕಲೇ?"

ಗುಲಾಬಬಿ ಪೇಪರು ಬಿಚ್ಚಿ ಖಣವನ್ನು ಬೆಳಕಿಗೆ ಹಿಡಿದು, ಗಿಳಿ ಚಲೋ ಕೂತಿದೆ ಎಂದಳು, ಚಹಾಕ್ಕೆ ನೀರಿಟ್ಟಳು. ಶಿವಸಂಗಪ್ಪ ತಲೆಯೆತ್ತಿ ಸರಗಳನ್ನು ಎಣಿಸತೊಡಗಿದ. ಹನ್ನೊಂದಕ್ಕೆ ಬರುವಷ್ಟರಲ್ಲಿ ಚಹಾ ಬಂತು. ಎಣಿಕೆ ಅಲ್ಲಿಗೇ ಬಿಟ್ಟು ಕಪ್ಪು ತೆಗೆದುಕೊಂಡ.